ಕಣ್ಣಿನ ಡಾಕ್ಟರ ಫೀಸಿಗೆ ಮಾರಿದ ಮೋಟಾರ್ ಸೈಕಲ್

ಇಂದ್ರಲಾಲ್ ರಾಯ್ ಹುಟ್ಟಿದ್ದು 1898ರ ಡಿಸೆಂಬರ್ 2ರಂದು, ಕಲ್ಕತ್ತಾದಲ್ಲಿ. ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಮೊದಲ ಮಹಾಯುದ್ಧ ನಡೀತಾ ಇದ್ದಾಗ ಅವನು ಬ್ರಿಟಿಷ್ ಸೇನೆಯ ವಿಮಾನದಳವಾದ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದ. ದೃಷ್ಟಿ ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಹುಡುಗ ಸುಮ್ಮನಾಗಲಿಲ್ಲ. ತನ್ನ ಮೋಟಾರ್ ಸೈಕಲ್ ಮಾರಿ, ಆ ದುಡ್ಡಲ್ಲಿ ಇಂಗ್ಲೆಂಡಿನ ಹೆಸರಾಂತ ಕಣ್ಣಿನ ತಜ್ಞರೊಬ್ಬರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿಕೊಂಡ. ಕಣ್ಣು ಸರಿಯಾಗಿದೆ ಅಂತ ಅವರು ಬರೆದುಕೊಟ್ಟರು. 1917ರ ಜುಲೈನಲ್ಲಿ ರಾಯ್ ಸೆಕೆಂಡ್ ಲೆಫ್ಟಿನೆಂಟ್ ಆದ. ವಯಸ್ಸು ಹದಿನೆಂಟು.

ಇಷ್ಟನ್ನೇ ಓದಿದರೆ ಛಲದ ಕತೆ ಅನ್ನಿಸುತ್ತೆ. ಆದರೆ ಇಸವಿ ನೋಡಿ. ಆ ಯುದ್ಧಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋಗಿದ್ದರು. ಅವರಲ್ಲಿ ಎಷ್ಟೋ ವರ್ಷ ಸರ್ವಿಸ್ ಆಗಿದ್ದ ಸುಬೇದಾರನೂ ನಿನ್ನೆ ಮೊನ್ನೆ ಬಂದ ಬಿಳಿ ಲೆಫ್ಟಿನೆಂಟನ ಕೈಕೆಳಗೇ ಇರಬೇಕಿತ್ತು. ಅಂಥಾದ್ದರಲ್ಲಿ ವಿಮಾನದಳದ ಬಾಗಿಲು ಹೇಗೆ ತೆರೆಯಿತು? ರಾವಲ್ಪಿಂಡಿಯ ಹರ್ದಿತ್ ಸಿಂಗ್ ಮಲಿಕ್‌ಗೆ ಬ್ರಿಟಿಷರ ದಳದಲ್ಲಿ ಜಾಗ ಸಿಕ್ಕಿದ್ದು, ಫ್ರೆಂಚರ ವಿಮಾನಪಡೆ ಅವನನ್ನು ಸೇರಿಸಿಕೊಳ್ಳಲು ಒಪ್ಪಿದ ಮೇಲೆ. 'ಫ್ರೆಂಚರಿಗೆ ಬೇಕಾದವನು ನಮಗೆ ಯಾಕೆ ಬೇಡ' ಅನ್ನೋ ಅರ್ಥದಲ್ಲಿ ಅವನ ಆಕ್ಸ್‌ಫರ್ಡ್ ಮೇಷ್ಟ್ರು ವಿಮಾನದಳದ ಜನರಲ್‌ಗೆ ಪತ್ರ ಬರೆದರು. ಮಲಿಕ್ ಸೇರಿದ್ದು 1917ರ ಏಪ್ರಿಲ್ 5ಕ್ಕೆ. ಅದೇ ತಿಂಗಳು ಬ್ರಿಟಿಷರು ಫ್ರಾನ್ಸ್ ಆಕಾಶದಲ್ಲಿ ಸುಮಾರು 245 ವಿಮಾನ ಕಳಕೊಂಡರು. ಚರಿತ್ರೆಯಲ್ಲಿ ಅದಕ್ಕೆ 'ರಕ್ತದ ಏಪ್ರಿಲ್' ಅಂತಲೇ ಹೆಸರು. ಪೈಲಟ್‌ಗಳು ಸಾಲದೇ ಹೋದಾಗ ಚರ್ಮದ ಬಣ್ಣ ಸ್ವಲ್ಪ ಮರೆಯಿತು, ಇದು ನನ್ನ ಲೆಕ್ಕ.

ಆಗಿನ ತರಬೇತಿಯೂ ಹಾಗೇ ಇತ್ತು. ನಮ್ಮೂರ ಕಡೆ ಈಜು ಕಲಿಸೋವಾಗ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ಇಲ್ಲಿ ಬುರುಡೆಯೂ ಇಲ್ಲ. ಮಲಿಕ್ ಎರಡೂವರೆ ತಾಸು ಹಾರಾಟ ಕಲಿತ ಮೇಲೆ ಒಬ್ಬನೇ ವಿಮಾನ ಏರಿದ. ಯುದ್ಧದ ಎಷ್ಟೋ ವಿಮಾನಗಳಿಗೆ ಒಂದೇ ಸೀಟು, ಅಂದರೆ ಅವುಗಳಲ್ಲಿ ಮೊದಲ ದಿನದಿಂದಲೇ ಹುಡುಗ ಒಂಟಿ. ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಕಲಿಸುವವರು ಕಲಿಯುವವರಿಗೆ ಇಟ್ಟ ಅಡ್ಡಹೆಸರು 'ಹನ್', ಅಂದರೆ ಜರ್ಮನ್ ಶತ್ರು. ನಮ್ಮ ವಿಮಾನಗಳನ್ನು ಶತ್ರುವಿಗಿಂತ ಇವರೇ ಜಾಸ್ತಿ ಮುರಿತಾರೆ ಅಂತ.

ಇದು ಹೀಗಾಗಬಾರದು ಅಂತ ಹಟ ಹಿಡಿದವನು ರಾಬರ್ಟ್ ಸ್ಮಿತ್-ಬ್ಯಾರಿ ಅನ್ನೋ ಆಫೀಸರ್. ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ಅವ್ರೋ ವಿಮಾನಕ್ಕೆ ಎರಡು ಕಡೆ ಕಂಟ್ರೋಲ್ ಇಡಿಸಿ, ಇಂಜಿನ್ ಸದ್ದಿನಲ್ಲೂ ಮೇಷ್ಟ್ರ ಮಾತು ಕೇಳೋ ಹಾಗೆ ನಳಿಕೆ ಹಾಕಿಸಿದ. ಅಪಾಯದ ಹಾರಾಟ ಮಾಡಬೇಡಿ ಅನ್ನೋ ಬದಲು, ವಿಮಾನವನ್ನು ಬೇಕೆಂದೇ ಗಿರಗಿರನೆ ಬೀಳಿಸಿ, ಮೇಲೆತ್ತುವುದನ್ನು ಕಲಿಸಿದ. ಸಿಸ್ಟಮ್ ಕ್ರ್ಯಾಶ್ ಆದಾಗ ಏನು ಮಾಡಬೇಕು ಅನ್ನೋದನ್ನ ಮೊದಲೇ ಅಭ್ಯಾಸ ಮಾಡಿಸೋ ಟೀಮ್ ಲೀಡ್ ನಮಗೆಲ್ಲ ಎಷ್ಟು ಅಪರೂಪ ಹೇಳಿ! ಆದರೆ ಈ ಪದ್ಧತಿ ಎಲ್ಲ ಕಡೆ ಹಬ್ಬೋಕೆ ಸಮಯ ಹಿಡಿಯಿತು.

ರಾಯ್ ಫ್ರಾನ್ಸಿನ ವಾಂಡೋಮ್‌ನಲ್ಲಿ ತರಬೇತಿ ಮುಗಿಸಿ ಅಕ್ಟೋಬರ್ 30ಕ್ಕೆ 56ನೇ ಸ್ಕ್ವಾಡ್ರನ್ ಸೇರಿದ. ಕಮಿಷನ್ ಸಿಕ್ಕಿ ನಾಲ್ಕು ತಿಂಗಳಷ್ಟೆ. ಡಿಸೆಂಬರ್ 6ರಂದು ಅವನ ವಿಮಾನ ನೆಲಕ್ಕೆ ಅಪ್ಪಳಿಸಿತು. ಸತ್ತನೆಂದು ಹೆಣದ ಕೋಣೆಗೆ ಹಾಕಿದ್ದರು, ಎಚ್ಚರವಾಗಿ ಒಳಗಿಂದ ಬಾಗಿಲು ಬಡಿದ ಅನ್ನೋದು ಎಲ್ಲರೂ ಹೇಳೋ ಕತೆ. ಗಾಯ ಮಾಯುವಾಗ ವಿಮಾನಗಳ ಚಿತ್ರ ಬರೆಯುತ್ತಾ ಕೂತಿದ್ದ. ಆ ಚಿತ್ರಗಳು ಈಗಲೂ ಉಳಿದಿವೆ. ಹಾರಾಟಕ್ಕೆ ಯೋಗ್ಯನಲ್ಲ ಅಂದ ಡಾಕ್ಟರುಗಳ ಬೆನ್ನುಬಿದ್ದು, ಇಂಗ್ಲೆಂಡಿನಲ್ಲಿ ಎರಡನೇ ಸಲ ಕಲಿತ.

1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್. ಅಲ್ಲಿ ಮೇಲೆ ಇದ್ದವನು ಐರ್ಲೆಂಡಿನ ಜಾರ್ಜ್ ಮ್ಯಾಕೆಲ್ರಾಯ್, ಪಳಗಿದ ಕೈ. ಕಳೆದ ಸಲ ಬಿದ್ದು ಎದ್ದ ಅದೇ ಹುಡುಗ ಈ ಸಲ ಹದಿಮೂರು ದಿನದಲ್ಲಿ ಹತ್ತು ಶತ್ರು ವಿಮಾನಗಳ ಲೆಕ್ಕಕ್ಕೆ ಹೆಸರು ಬರೆಸಿದ. ಎರಡು ಜೊತೆಗಾರರ ಪಾಲಿನೊಂದಿಗೆ. ಜುಲೈ 8ರಂದು ನಾಲ್ಕು ಗಂಟೆಯೊಳಗೆ ಮೂರು. ಕೊನೆಯದು ಜುಲೈ 19ಕ್ಕೆ. ಡಿಸೆಂಬರಿನ ರಾಯ್‌ಗೂ ಜುಲೈನ ರಾಯ್‌ಗೂ ನಡುವೆ ಇದ್ದದ್ದು ಕಲಿಯೋಕೆ ಸಿಕ್ಕ ಕೆಲವು ತಿಂಗಳು, ಕಲಿಸೋಕೆ ಸಿಕ್ಕ ಒಬ್ಬ ಮನುಷ್ಯ. ಜುಲೈ 22ರಂದು ಕಾರ್ವಿನ್ ಊರಿನ ಮೇಲೆ ಅವನ ವಿಮಾನ ಬಿತ್ತು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಒಂಬತ್ತು ದಿನ ಕಳೆದು, ಮ್ಯಾಕೆಲ್ರಾಯ್ ಕೂಡ ಹೋದ. ರಾಯ್‌ಗೆ ಡಿ.ಎಫ್.ಸಿ. ಪದಕ ಬಂದಿದ್ದು ಸೆಪ್ಟೆಂಬರಿನಲ್ಲಿ. ಎಸ್ತೆವೆಲ್ ಅನ್ನೋ ಫ್ರೆಂಚ್ ಹಳ್ಳಿಯಲ್ಲಿ ಅವನ ಸಮಾಧಿ ಇದೆ, ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳಿವೆ.

ಯುದ್ಧ ಮುಗೀತು, ಬಾಗಿಲೂ ಮುಚ್ಚಿತು. ಬ್ರಿಟನ್ನಿನ ವಾಯುಪಡೆಯ ಕ್ರಾನ್‌ವೆಲ್ ಕಾಲೇಜಿಗೆ ಭಾರತದ ಮೊದಲ ಕೆಡೆಟ್‌ಗಳು ಹೋಗಿದ್ದು 1930ರಲ್ಲಿ. ಅವರಲ್ಲಿ ಒಬ್ಬರು ಸುಬ್ರೋತೊ ಮುಖರ್ಜಿ, 1954ರಲ್ಲಿ ನಮ್ಮ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದವರು.