ತಪಾಸಣೆಯ ಅನಂತರ: ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯೂ ಮುಂದಿನ ಚಿಕಿತ್ಸೆಯೂ

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಗರ್ಭಕಂಠದಲ್ಲಿ ಕ್ಯಾನ್ಸರಿನ ತೀವ್ರ ಪೂರ್ವಾವಸ್ಥೆ ಕಂಡುಬಂದಿದ್ದರೂ ಯುಕ್ತ ಚಿಕಿತ್ಸೆಯಿಲ್ಲದೆ ಕೇವಲ ಅವಲೋಕನದಲ್ಲಿರಿಸಲ್ಪಟ್ಟ ಸ್ತ್ರೀಯರ ವೃತ್ತಾಂತವು 1988ರ ಕಾರ್ಟ್‌ರೈಟ್ ವಿಚಾರಣಾ ವರದಿಯಿಂದ ದೃಢಪಟ್ಟಿತು. ಅವರ ದಾಖಲೆಗಳನ್ನು ಮರುಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಂಥವರಲ್ಲಿ ಮೂವತ್ತು ವರ್ಷಗಳೊಳಗೆ ಸುಮಾರು ಶೇಕಡ 31 ಮಂದಿ ಕ್ಯಾನ್ಸರಿಗೆ ತುತ್ತಾದರು. ತಕ್ಕ ಚಿಕಿತ್ಸೆ ಪಡೆದವರಲ್ಲಾದರೋ ಈ ಪ್ರಮಾಣ ಶೇಕಡ ಒಂದನ್ನೂ ಮುಟ್ಟಲಿಲ್ಲ. ದೋಷವನ್ನು ಕಂಡುಹಿಡಿದೂ ಸುಮ್ಮನಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅಲ್ಲಿ ವೈದ್ಯರ ಹಟದಿಂದ ಆದದ್ದು ಟೆಕ್ಸಸ್‌ನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಕಾಗದಪತ್ರಗಳ ಜಾಲದಿಂದ, ಯಾರ ಉದ್ದೇಶವೂ ಇಲ್ಲದೆ ಆಗುವ ಸಂಭವವಿದೆಯೆಂಬುದೇ ಈ ಲೇಖನದ ವಾದ.

ಗರ್ಭಕಂಠದ ಕೋಶಗಳನ್ನು ನೋಡುವ ಪ್ಯಾಪ್ ಅಥವಾ ಈ ಕ್ಯಾನ್ಸರಿಗೆ ಕಾರಣವಾಗುವ ವೈರಾಣುವಿನ ಸೋಂಕನ್ನು ಪತ್ತೆಮಾಡುವ ಎಚ್.ಪಿ.ವಿ. ಪರೀಕ್ಷೆಯ ಫಲಿತವು ಅಸಹಜವೆಂದಾದರೆ ಅದು ಬಹುಮಟ್ಟಿಗೆ ಕ್ಯಾನ್ಸರ್ ಆಗಿರುವುದಿಲ್ಲ. ಅಮೆರಿಕದ 2019ರ ಮಾರ್ಗಸೂತ್ರಗಳ ಮೇರೆಗೆ, ತೀವ್ರ ಪೂರ್ವಾವಸ್ಥೆಯ ಸಂಭವವು ಶೇಕಡ 4ನ್ನು ಮುಟ್ಟಿದಲ್ಲಿ ಕಾಲ್ಪೋಸ್ಕೋಪಿ ಆಗತಕ್ಕದ್ದು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು ಸವರಿ, ಬೆಳ್ಳಗಾದ ಭಾಗವನ್ನು ಹಿಗ್ಗಿಸುವ ಮಸೂರದಲ್ಲಿ ಕಂಡು, ಸಂದೇಹವಿದ್ದೆಡೆ ಚಿಕ್ಕ ತುಣುಕನ್ನು ಕತ್ತರಿಸಿ ತೆಗೆಯುವ ಈ ವಿಧಾನಕ್ಕೆ ಹೆಚ್ಚು ಹೊತ್ತು ಹಿಡಿಯದು. ಆದರೆ ಆ ಪರೀಕ್ಷೆಯ ಮೇಜಿನವರೆಗೆ ರೋಗಿಯು ಬಂದು ಸೇರುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಫಲಿತವು ಇಂದು ವೈದ್ಯರು ನೋಡುವ ಮುನ್ನವೇ ಆಕೆಯ ಫೋನಿಗೆ ಬಂದು ಬೀಳುತ್ತದೆ. ಅದನ್ನು ಬಿಡಿಸಿ ಹೇಳುವವರು ಮಾತ್ರ ಆ ಕ್ಷಣದಲ್ಲಿ ಬಳಿಯಲ್ಲಿರುವುದಿಲ್ಲ.

ಈ ಮೂರು ನಗರಗಳಲ್ಲಿ ವಿಮೆಯಿಲ್ಲದವರ ಆರೈಕೆಯು ಕೌಂಟಿಯ ಗಡಿಯಿಂದ ನಿರ್ಣೀತವಾಗಿದೆ. ಡಲ್ಲಾಸ್ ಕೌಂಟಿಗೆ ಪಾರ್ಕ್‌ಲ್ಯಾಂಡ್ ಆಸ್ಪತ್ರೆ; ಹ್ಯೂಸ್ಟನ್ನಿನ ಹ್ಯಾರಿಸ್ ಕೌಂಟಿಗೆ ಜನ ಇಂದಿಗೂ ಗೋಲ್ಡ್ ಕಾರ್ಡ್ ಎಂದೇ ಕರೆಯುವ ಸಹಾಯವನ್ನು ಕೊಡುವ ಹ್ಯಾರಿಸ್ ಹೆಲ್ತ್; ಆಸ್ಟಿನ್ನಿನ ಟ್ರಾವಿಸ್ ಕೌಂಟಿಗೆ 2004ರಲ್ಲಿ ಮತದಾರರ ಸಮ್ಮತಿಯಿಂದ ಹುಟ್ಟಿ, ಈಗ ಸೆಂಟ್ರಲ್ ಹೆಲ್ತ್ ಎಂದು ಹೆಸರಾದ ಸಂಸ್ಥೆ ಮತ್ತು ಅದು ಕೊಡುವ ಮ್ಯಾಪ್ ಎಂಬ ಸಹಾಯದ ಕಾರ್ಡು. ಬಾಡಿಗೆ ಏರಿತೆಂದು ಡಲ್ಲಾಸ್ ಬಿಟ್ಟು ನೆರೆಯ ಕೌಂಟಿಗೆ ಮನೆ ಬದಲಿಸಿದವಳ ದೋಷವು ಆಕೆಯೊಡನೆ ಸಾಗುತ್ತದೆ, ಸಹಾಯಧನವು ಸಾಗದು. ರಾಜ್ಯದ ಸ್ತನ-ಗರ್ಭಕಂಠ ಕ್ಯಾನ್ಸರ್ ಸೇವಾ ಕಾರ್ಯಕ್ರಮವು ಬಡ ಮಹಿಳೆಯರ ತಪಾಸಣೆಗೂ ಕಾಲ್ಪೋಸ್ಕೋಪಿಗೂ ನೆರವಾಗುವುದು ನಿಜ. ಚಿಕಿತ್ಸೆಗಾಗಿ ಇರುವ ಮೆಡಿಕೈಡ್ ಎಂಬ ಸರಕಾರಿ ವಿಮೆಯ ಬಾಗಿಲು ಮಾತ್ರ ಪೌರತ್ವವೋ ಅಂಗೀಕೃತ ವಲಸೆಯ ಸ್ಥಾನವೋ ಇದ್ದವರಿಗಷ್ಟೇ ತೆರೆಯುತ್ತದೆ. ರೋಗವನ್ನು ತೋರಿಸಿಕೊಟ್ಟು ಔಷಧಿಯನ್ನು ನಿರಾಕರಿಸುವ ಈ ವ್ಯವಸ್ಥೆಯನ್ನು ಯಾವ ನೀತಿಯೂ ಸಮರ್ಥಿಸಲಾರದು.

ವಿಮೆಯುಳ್ಳವರು ನಿಶ್ಚಿಂತರೆಂದು ಭಾವಿಸುವಂತಿಲ್ಲ. ಈ ನಗರಗಳ ಆಸುಪಾಸಿನ ಪ್ಲೇನೋ, ಅರ್ವಿಂಗ್, ಷುಗರ್‌ಲ್ಯಾಂಡ್‌ಗಳಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಗಂಡನ ಕೆಲಸ ಬದಲಾದೊಡನೆ ವಿಮೆಯೂ ಬದಲಾಗಿ, ಹಿಂದಿನ ವೈದ್ಯರು ಬರೆದ ಶಿಫಾರಸು ನಿರರ್ಥಕವಾಗುವುದುಂಟು. 2010ರ ಆರೋಗ್ಯ ಕಾಯಿದೆಯಿಂದ ತಪಾಸಣೆಯು ಉಚಿತವಾಯಿತಾದರೂ, ಕಾಲ್ಪೋಸ್ಕೋಪಿಯನ್ನು ರೋಗನಿರ್ಣಯದ ಲೆಕ್ಕಕ್ಕೆ ಹಾಕಿ ರೋಗಿಗೆ ಬಿಲ್ಲು ಕಳಿಸುವುದು ರೂಢಿಯಾಗಿ ಬಂದಿತು. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ತಾಯಂದಿರ ಪ್ರವಾಸಿ ವಿಮೆಯಲ್ಲಂತೂ ಇಂಥ ಪರೀಕ್ಷೆಗೆ ಸಾಮಾನ್ಯವಾಗಿ ಸ್ಥಾನವೇ ಇಲ್ಲ. ಅತ್ತೆಯೊಡನೆ ಈ ಮಾತೆತ್ತುವ ಸೊಸೆಯೂ ವಿರಳ.

ಹ್ಯಾರಿಸ್ ಹೆಲ್ತ್‌ನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ವಿಚಾರಾರ್ಹವಾಗಿದೆ. ತಪಾಸಣೆಗೆ ಬಾರದಿದ್ದ 2,474 ಮಹಿಳೆಯರಲ್ಲಿ, ದೂರವಾಣಿಯ ಜ್ಞಾಪನೆಯನ್ನಷ್ಟೇ ಪಡೆದವರ ಪೈಕಿ ಶೇಕಡ 17.4, ತಾವೇ ಮಾದರಿ ತೆಗೆದುಕೊಳ್ಳುವ ಕಿಟ್ಟನ್ನು ಅಂಚೆಯಲ್ಲಿ ಪಡೆದವರ ಪೈಕಿ ಶೇಕಡ 41.1, ಕಿಟ್ಟಿನ ಜೊತೆಗೆ ಮಾರ್ಗದರ್ಶಕಿಯ ನೆರವೂ ದೊರೆತವರ ಪೈಕಿ ಶೇಕಡ 46.6 ಮಂದಿ ಪರೀಕ್ಷೆಗೊಳಗಾದರು. ಕಿಟ್ಟು ಒಂದರಿಂದಲೇ ಬಹುಪಾಲು ಲಾಭವಾಗಿರುವುದನ್ನು ಕಂಡರೆ, ಮಾರ್ಗದರ್ಶಕಿಯ ದುಬಾರಿಯಾದ ಶ್ರಮವನ್ನು ಆ ಮೊದಲ ಮೆಟ್ಟಿಲಿಗಿಂತ, ಸೋಂಕು ಕಂಡುಬಂದ ಮೇಲಿನ ಮೆಟ್ಟಿಲುಗಳಿಗೆ ಮೀಸಲಿಡುವುದು ಲೇಸೆಂದು ನನಗೆ ತೋರುತ್ತದೆ. ಏಕೆಂದರೆ ಮನೆಯಲ್ಲಿ ಮಾದರಿ ತೆಗೆದವಳು, ಫಲಿತ ಅಸಹಜವಾದಾಗ, ತಾನು ತಪ್ಪಿಸಿಕೊಂಡಿದ್ದ ಆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಬಸ್ಸಿನ ವೇಳೆ, ಮಗುವನ್ನು ನೋಡಿಕೊಳ್ಳುವವರು, ಸ್ಪ್ಯಾನಿಷ್ ಬಲ್ಲ ದುಭಾಷಿ, ಒಂದು ದಿನದ ಕೂಲಿ ಇವುಗಳ ವಿಚಾರವಾಗಿ ಆಕೆಯೊಡನೆ ಮಾತಾಡತಕ್ಕವರು ಬೇಕಾಗುವುದು ಆಗಲೇ.

ವಿಶ್ವ ಆರೋಗ್ಯ ಸಂಸ್ಥೆಯು 2030ಕ್ಕೆ ಗೊತ್ತುಮಾಡಿರುವ 90-70-90 ಎಂಬ ಗುರಿಗಳಲ್ಲಿ ಕೊನೆಯದು, ರೋಗ ಕಂಡ ಸ್ತ್ರೀಯರಲ್ಲಿ ಶೇಕಡ 90 ಮಂದಿಗೆ ಚಿಕಿತ್ಸೆ. ಪಾರ್ಕ್‌ಲ್ಯಾಂಡ್ ಮತ್ತು ಡಲ್ಲಾಸಿನ ಯು.ಟಿ. ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರ ಭಾಗವಹಿಸಿರುವ ಪ್ರಾಸ್ಪರ್ ಸಂಶೋಧನಾ ಒಕ್ಕೂಟವು ತಪಾಸಣೆಯನ್ನು ಒಂದು ದಿನದ ಪರೀಕ್ಷೆಯೆನ್ನದೆ ಆದ್ಯಂತ ಪ್ರಕ್ರಿಯೆಯೆಂದು ಪರಿಗಣಿಸಿದ್ದು ಸರಿಯಾದ ದೃಷ್ಟಿ. ಆ ದೃಷ್ಟಿಯಿಂದ ಹೊರಡುವ ಆಡಳಿತದ ನಿಯಮವೂ ಸರಳ: ಶಿಫಾರಸು ಬರೆದ ಚಿಕಿತ್ಸಾಲಯವು, ತುಣುಕಿನ ವರದಿ ತನ್ನ ಕೈಸೇರುವ ತನಕ ಆ ರೋಗಿಯ ಹೆಸರನ್ನು ಬಾಕಿಯ ಪಟ್ಟಿಯಿಂದ ತೆಗೆಯಕೂಡದು, ಮತ್ತು ಪತ್ರ ಕಳಿಸಿದ್ದನ್ನು ಕಾರ್ಯ ಮುಗಿದುದಕ್ಕೆ ಸಾಕ್ಷಿಯಾಗಿ ಎಣಿಸಕೂಡದು. ಇದಕ್ಕೆ ಹೊಸ ಯಂತ್ರವೇನೂ ಬೇಡ. ಪಟ್ಟಿಯನ್ನು ವಾರವಾರವೂ ತೆರೆದು ನೋಡುವ, ಅದಕ್ಕಾಗಿಯೇ ಸಂಬಳ ಪಡೆಯುವ ಒಬ್ಬ ದಾದಿ ಬೇಕು.