ಕಾಲಾಳಿನ ಹಕ್ಕು: ಚದುರಂಗದ ಒಂದು ನಿಯಮದ ಇತಿಹಾಸ



ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಎಂದೊಡನೆ ಮರದ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳು ನಿಮ್ಮ ನೆನಪಿಗೆ ಬರುತ್ತವೆ. ಇಂತಹ ನಮ್ಮ ಊರುಗಳ ಜಗಲಿಕಟ್ಟೆಗಳಲ್ಲಿ ಹಿರಿಯರು ಹುಲಿ-ಕುರಿ ಆಟ ಆಡುತ್ತಿದ್ದರು. ಅದರಲ್ಲಿ ಹುಲಿ ಪಕ್ಕದ ಕುರಿಯ ಮೇಲಿಂದ ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಆ ಕುರಿ ಸತ್ತಂತೆ. ಚದುರಂಗದಲ್ಲಿ ಹಾಗಲ್ಲ. ಎದುರಾಳಿಯ ಕಾಯಿ ಇರುವ ಮನೆಗೇ ಹೋಗಿ ಅದನ್ನು ತೆಗೆದು ಅಲ್ಲಿ ಕೂರಬೇಕು. ಕುದುರೆ ಬೇರೆ ಕಾಯಿಗಳ ಮೇಲಿಂದ ಹಾರಿದರೂ ಹಾರಿದ್ದನ್ನು ಹೊಡೆಯುವುದಿಲ್ಲ, ಇಳಿದ ಮನೆಯಲ್ಲಿರುವುದನ್ನು ಮಾತ್ರ ಹೊಡೆಯುತ್ತದೆ.

ಈ ನಿಯಮಕ್ಕೆ ಒಂದೇ ಒಂದು ಅಪವಾದವಿದೆ. ಅದರ ಕಥೆ ತಿಳಿಯಲು ಸ್ವಲ್ಪ ಹಿಂದೆ ಹೋಗೋಣ.

ಭಾರತದಲ್ಲಿ ಹುಟ್ಟಿದ ಚದುರಂಗ ಪರ್ಷಿಯಾಕ್ಕೆ, ಅಲ್ಲಿಂದ ಅರಬ್ ನಾಡಿಗೆ ಹೋಗಿ ‘ಶತ್ರಂಜ್’ ಆಯಿತು. ಬಗ್ದಾದಿನಲ್ಲಿ ಅಲ್-ಅದ್ಲಿ, ಅಸ್-ಸೂಲಿ ಮುಂತಾದ ವಿದ್ವಾಂಸರು ಈ ಆಟದ ಬಗ್ಗೆ ಗ್ರಂಥಗಳನ್ನೇ ಬರೆದರು. ಆ ಆಟದಲ್ಲಿ ಕಾಲಾಳು ನೇರವಾಗಿ ಒಂದೇ ಮನೆ ನಡೆಯುತ್ತಿತ್ತು, ಹೊಡೆಯುವಾಗ ಮಾತ್ರ ಓರೆಯಾಗಿ ಮುಂದಿನ ಮನೆಗೆ ಹೋಗುತ್ತಿತ್ತು. ರಾಜನನ್ನು ಯಾರೂ ಹೊಡೆಯುವಂತಿರಲಿಲ್ಲ. ಅವನಿಗೆ ದಾರಿಯೇ ಇಲ್ಲವಾದರೆ ‘ಶಾಹ್ ಮಾತ್’, ಆಟ ಮುಗಿಯಿತು.

ಯುರೋಪಿನಲ್ಲಿ ಆಟ ನಿಧಾನವೆನಿಸಿ, ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಸೌಲಭ್ಯ ಕೊಟ್ಟರು. ಆಗ ಒಂದು ಅನ್ಯಾಯ ತಲೆದೋರಿತು. ಒಂದೇ ಮನೆ ನಡೆದಿದ್ದರೆ ಎದುರಾಳಿಯ ಕಾಲಾಳಿಗೆ ಸಿಗುತ್ತಿದ್ದ ಕಾಯಿ, ಎರಡು ಮನೆ ಹಾರಿ ಅದರ ಕೈ ತಪ್ಪಿಸಿಕೊಳ್ಳತೊಡಗಿತು. ಇದನ್ನು ಸರಿಪಡಿಸಲು ಬಂದದ್ದೇ ‘ಆನ್ ಪಾಸಾನ್’, ಅಂದರೆ ಹಾದು ಹೋಗುತ್ತಿರುವಾಗಲೇ ಹೊಡೆಯುವುದು. ಎರಡು ಮನೆ ಬಂದು ಪಕ್ಕದಲ್ಲಿ ನಿಂತ ಕಾಲಾಳನ್ನು, ಅದು ಒಂದೇ ಮನೆ ನಡೆದಿತ್ತೆಂಬಂತೆ ಎದುರಾಳಿಯ ಕಾಲಾಳು ಓರೆಯಾಗಿ ಹೋಗಿ ತೆಗೆಯಬಹುದು. ಹೊಡೆದ ಕಾಯಿ ಒಂದು ಮನೆಯಲ್ಲಿ, ಸತ್ತ ಕಾಯಿ ಇನ್ನೊಂದು ಮನೆಯಲ್ಲಿ! ಎಲ್ಲರೂ ಇದನ್ನು ಕೂಡಲೇ ಒಪ್ಪಲಿಲ್ಲ. ಇಟಲಿಯಲ್ಲಿ 1880ರವರೆಗೂ ಹೀಗೆ ಹೊಡೆಯುವಂತಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಚದುರಂಗಕ್ಕೆ ಗೌರವವಿತ್ತು. ಕೊಕ್ಕರೆ ಬೆಳ್ಳೂರು ಸೇರಿದ್ದ ಮೈಸೂರು ರಾಜ್ಯದ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲೂ ಒಮ್ಮೊಮ್ಮೆ ನಡೆಸುವ ಬಂಧಗಳನ್ನು ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವೇ ಆಟಗಳಿಗೆ ಮೀಸಲು. ಆದರೆ ಭಾರತದ ದೇಸಿ ಆಟದಲ್ಲಿ ಕಾಲಾಳು ಮೊದಲಿನಂತೆ ಒಂದೇ ಮನೆ ನಡೆಯುತ್ತಿದ್ದುದರಿಂದ ಈ ಹೊಸ ನಿಯಮದ ಅಗತ್ಯವೇ ಬೀಳಲಿಲ್ಲ.

ಇದರ ಕಷ್ಟ ಅರಿತವರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಬಾಲ್ಯದಲ್ಲಿ ದೇಸಿ ಆಟ ಕಲಿತಿದ್ದ ಅವರು ದೊಡ್ಡವರಾದ ಮೇಲೆ ಯುರೋಪಿನ ನಿಯಮಗಳನ್ನು ಹೊಸದಾಗಿ ಕಲಿಯಬೇಕಾಯಿತು. ಆದರೂ 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು. 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಪಟ್ಟ ಗೆದ್ದರು. ಹಿಂದಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೂ ಸೋಲಿಸಿದರು. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚದುರಂಗ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ.

ಮನೆಯಲ್ಲಿ ದೊಡ್ಡವರಿಂದ ಕಲಿತ ಆಟವನ್ನೇ ನಂಬಿ ನೀವು ಪಂದ್ಯಕ್ಕೆ ಹೋದರೆ, ಎದುರಾಳಿ ಹೀಗೆ ಕಾಲಾಳು ತೆಗೆದಾಗ ‘ಇದು ಮೋಸ’ ಎನ್ನಿಸೀತು. ಮೋಸವಲ್ಲ, ಅದು ನಿಯಮ. ಗೊತ್ತಿಲ್ಲದ ನಿಯಮ ಗೊತ್ತಿದ್ದವನಿಗಷ್ಟೇ ಉಪಕಾರಿ. ಇನ್ನೊಂದು ಮಾತು: ಈ ಹಕ್ಕು ಇರುವುದು ಮರುನಡೆಗೆ ಮಾತ್ರ. ಆ ಕ್ಷಣ ಕಳೆದರೆ ಹಕ್ಕೂ ಹೋಯಿತು. ಅರ್ಜಿ ಹಾಕುವ ಕೊನೆಯ ದಿನ ದಾಟಿ ವಿದ್ಯಾರ್ಥಿವೇತನ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಯಮ ತಿಳಿಯಿರಿ, ಸಮಯಕ್ಕೆ ನಡೆ ಇಡಿರಿ.