ವಿಮೆಯ ಉಮೇದುವಾರ

ಅನೇಕ ವೃತ್ತಿಗಳಲ್ಲಿ ವಿದ್ಯೆ ಮುಗಿದ ಮೇಲೆ ಕೆಲಸ ಮೊದಲಾಗುತ್ತದೆ. ವಕೀಲನು ಪದವಿ ಪಡೆದು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ. ವೈದ್ಯನು ಪರೀಕ್ಷೆ ಮುಗಿಸಿ ಚಿಕಿತ್ಸೆಗೆ ತೊಡಗುತ್ತಾನೆ. ವಿಮೆಯ ಕ್ಷೇತ್ರದಲ್ಲಿ ಈ ಕ್ರಮ ಬಹುಮಟ್ಟಿಗೆ ತಿರುಗುಮುರುಗು. ಇಲ್ಲಿ ಹೊಸಬನು ಮೊದಲು ಕಚೇರಿಯ ಮೇಜಿನ ಮುಂದೆ ಕುಳಿತು, ಆಮೇಲೆ ಆ ವೃತ್ತಿಯ ಪುಸ್ತಕವನ್ನು ತೆರೆಯುತ್ತಾನೆ. ಹಗಲು ಪಾಲಿಸಿಯ ಕಡತ, ಇರುಳು ಕರಾರಿನ ಕಾನೂನು ಮತ್ತು ಚಕ್ರಬಡ್ಡಿಯ ಲೆಕ್ಕ. ಈ ಪದ್ಧತಿ ಹೇಗೆ ಬೆಳೆಯಿತು, ಅದರ ಅಗತ್ಯವೇನಿತ್ತು ಎಂಬುದು ತಿಳಿಯತಕ್ಕ ವಿಷಯ.

1706ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಮಿಕಬಲ್ ಸೊಸೈಟಿಯಲ್ಲಿ ಕಿರಿಯನಿಗೂ ಹಿರಿಯನಿಗೂ ಒಂದೇ ಕಂತು. ನಲವತ್ತೈದು ದಾಟಿದವರಿಗೆ ಪ್ರವೇಶವೇ ಇರಲಿಲ್ಲ. ಜೇಮ್ಸ್ ಡಾಡ್ಸನ್ ಎಂಬ ಗಣಿತದ ಅಧ್ಯಾಪಕನು ಮರಣಗಳ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು, ಸೇರುವಾಗಿನ ವಯಸ್ಸಿಗೆ ತಕ್ಕಂತೆ ನಿಗದಿಯಾಗಿ ಕೊನೆಯವರೆಗೂ ಬದಲಾಗದ ಕಂತನ್ನು ಲೆಕ್ಕಹಾಕಿದನು. ಅವನು 1757ರಲ್ಲಿ ತೀರಿಕೊಂಡನು. ಅವನ ಲೆಕ್ಕವನ್ನು ಆಧಾರವಾಗಿಟ್ಟುಕೊಂಡ ಈಕ್ವಿಟಬಲ್ ಸೊಸೈಟಿ 1762ರಲ್ಲಿ ಸ್ಥಾಪನೆಯಾಯಿತು. ಅದರ ಮುಖ್ಯಾಧಿಕಾರಿಗೆ ಇಟ್ಟ ‘ಆಕ್ಚುಯರಿ’ ಎಂಬ ಹೆಸರೇ ಮುಂದೆ ವಿಮಾಗಣಿತಜ್ಞನ ಹೆಸರಾಯಿತು. ಆಗ ಈ ವಿದ್ಯೆಗೆ ಶಾಲೆಯಿರಲಿಲ್ಲ. ಬಲ್ಲವರ ಬಳಿ ಕುಳಿತು ಕಲಿಯಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪನಿಗಳು ಅಣಬೆಗಳಂತೆ ಎದ್ದವು. ವಿಮೆಯಲ್ಲಿ ಒಂದು ಅಪಾಯವುಂಟು. ಕಿರಾಣಿ ಅಂಗಡಿಯವನ ಲೆಕ್ಕ ತಪ್ಪಿದರೆ ಸಂಜೆಯೊಳಗೆ ಗೊತ್ತಾಗುತ್ತದೆ. ಜೀವವಿಮೆಯ ಲೆಕ್ಕ ತಪ್ಪಿದರೆ ಮೂವತ್ತು ವರ್ಷವಾದರೂ ಹೊರಬೀಳದಿರಬಹುದು. ಅಲ್ಲಿಯವರೆಗೆ ಕಂತಿನ ಹಣ ಬರುತ್ತಲೇ ಇರುವುದರಿಂದ ಕಂಪನಿ ಸಮೃದ್ಧವಾಗಿಯೇ ಕಾಣುತ್ತದೆ. ಹಣ ಕಟ್ಟುವವನಿಗೆ ಅದನ್ನು ಪರೀಕ್ಷಿಸುವ ಸಾಮರ್ಥ್ಯವಿಲ್ಲ. ಆದುದರಿಂದ ಲೆಕ್ಕ ಬರೆಯುವವನನ್ನೇ ಪರೀಕ್ಷಿಸಬೇಕಾಯಿತು. 1848ರಲ್ಲಿ ಲಂಡನ್ನಿನಲ್ಲಿ ವಿಮಾಗಣಿತಜ್ಞರ ಸಂಸ್ಥೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಪರೀಕ್ಷೆಗಳನ್ನೂ ನಡೆಸತೊಡಗಿತು. 1869ರಲ್ಲಿ ಆಲ್ಬರ್ಟ್ ಎಂಬ ದೊಡ್ಡ ಜೀವವಿಮಾ ಕಂಪನಿ ಕುಸಿದಾಗ ಈ ಎಚ್ಚರ ಎಷ್ಟು ಅಗತ್ಯವಾಗಿತ್ತೆಂಬುದು ಜನರಿಗೆ ಮನವರಿಕೆಯಾಯಿತು. ಮರುವರ್ಷವೇ ಬ್ರಿಟನ್ನಿನಲ್ಲಿ ಜೀವವಿಮಾ ಕಂಪನಿಗಳನ್ನು ಕುರಿತ ಕಾಯಿದೆ ಬಂತು.

ಗಣಿತಜ್ಞರ ಮಾತು ಹಾಗಿರಲಿ. ಸಾಮಾನ್ಯ ಗುಮಾಸ್ತರ ಕಲಿಕೆಗೆ 1873ರಲ್ಲಿ ಮ್ಯಾಂಚೆಸ್ಟರಿನ ವಿಮಾ ನೌಕರರು ಒಂದು ಸಂಘ ಕಟ್ಟಿದರು. ಅಂಥ ಊರೂರ ಸಂಘಗಳು 1897ರಲ್ಲಿ ಒಕ್ಕೂಟವಾಗಿ, 1912ರಲ್ಲಿ ರಾಜಸನ್ನದು ಪಡೆದು ಚಾರ್ಟರ್ಡ್ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆದವು.

ನಮ್ಮ ದೇಶದ ಕಥೆಗೆ ಬೇರೊಂದು ಮುಖವಿದೆ. ಭಾರತೀಯರ ಪ್ರಾಣಕ್ಕೆ ಅಪಾಯ ಹೆಚ್ಚೆಂದು ವಿದೇಶೀ ಕಂಪನಿಗಳು ಹೆಚ್ಚುವರಿ ಕಂತು ಕೇಳುತ್ತಿದ್ದ ಕಾಲದಲ್ಲಿ, 1870ರಲ್ಲಿ ಆರಂಭವಾದ ಬಾಂಬೆ ಮ್ಯೂಚುಯಲ್ ಸಾಮಾನ್ಯ ದರದಲ್ಲಿಯೇ ಅವರಿಗೆ ವಿಮೆ ಇಳಿಸಿತು. ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ 1891ರಲ್ಲಿ ತೆರೆದ ವಿಮಾ ಯೋಜನೆಯೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ. ಸ್ವದೇಶೀ ಚಳವಳಿಯ ಕಾವಿನಲ್ಲಿ ಹಲವು ಭಾರತೀಯ ಕಂಪನಿಗಳು ಹುಟ್ಟಿದವು. ದರಪಟ್ಟಿಗೂ ಮೌಲ್ಯಮಾಪನಕ್ಕೂ ವಿಮಾಗಣಿತಜ್ಞನ ಪ್ರಮಾಣಪತ್ರ ಬೇಕೆಂದು 1912ರ ಕಾಯಿದೆ ವಿಧಿಸಿತು. ಆ ಯೋಗ್ಯತೆಗೆ ನಮ್ಮ ತರುಣರು ಲಂಡನ್ನಿನ ಪರೀಕ್ಷೆಗಳನ್ನೇ ನಂಬಬೇಕಾಗಿತ್ತು. ಹಾಗೆ ಬೆಳೆದ ಭಾರತೀಯ ತಜ್ಞರೇ ಓರಿಯೆಂಟಲ್ ಕಂಪನಿಯ 1925ರಿಂದ 1935ರವರೆಗಿನ ಅನುಭವವನ್ನು ಆಧರಿಸಿ ಭಾರತೀಯ ಪಾಲಿಸಿದಾರರ ಮರಣ ಕೋಷ್ಟಕವನ್ನು ಸಿದ್ಧಪಡಿಸಿದರು. ಪರರಿಂದ ಕಲಿತ ಗಣಿತದಿಂದ ನಮ್ಮವರ ಆಯುಸ್ಸನ್ನು ನಾವೇ ಅಳೆದುಕೊಂಡಂತಾಯಿತು.

1955ರಲ್ಲಿ ಮುಂಬಯಿಯಲ್ಲಿ ವಿಮಾ ಸಂಘಗಳ ಒಕ್ಕೂಟ ಸ್ಥಾಪನೆಯಾಯಿತು. ಇದೇ ಇಂದಿನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. ಮರುವರ್ಷ 245 ಸಂಸ್ಥೆಗಳ ಜೀವವಿಮಾ ವ್ಯವಹಾರ ರಾಷ್ಟ್ರೀಕರಣಗೊಂಡು ಜೀವವಿಮಾ ನಿಗಮ ಸ್ಥಾಪನೆಯಾಯಿತು. ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ ಎಂಬ ಮೂರು ಮೆಟ್ಟಿಲುಗಳು ಸಹಸ್ರಾರು ನೌಕರರ ಇರುಳಿನ ಓದಿಗೆ ಗುರಿಯಾದವು. 1999ರ ಕಾಯಿದೆಯಿಂದ ಖಾಸಗಿ ಕಂಪನಿಗಳು ಮರಳಿದ ಮೇಲೆ ಏಜೆಂಟರಿಗೂ ತರಬೇತಿ, ಪರೀಕ್ಷೆಗಳು ಬಂದವು.

ಬಡ್ತಿಯ ಆಸೆಯಿಂದಲೇ ಓದುವವರು ಬಹಳ; ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಓದಿನ ಬೆಲೆ ತಿಳಿಯುವುದು ಕ್ಲೇಮಿನ ಮೇಜಿನಲ್ಲಿ. ಪಾಲಿಸಿದಾರನು ಪ್ರಸ್ತಾವನಾ ಪತ್ರದಲ್ಲಿ ಯಾವುದೋ ಕಾಯಿಲೆಯನ್ನು ಬರೆದಿಲ್ಲವೆಂದಿಟ್ಟುಕೊಳ್ಳೋಣ. ಅವನ ವಿಧವೆ ಹಣ ಕೇಳಿ ಬಂದಿದ್ದಾಳೆ. ಪರಸ್ಪರ ಪೂರ್ಣ ಸತ್ಯ ನುಡಿಯಬೇಕೆಂಬುದು ವಿಮೆಯ ಮೊದಲ ಪಾಠ. ಅಷ್ಟನ್ನೇ ಬಲ್ಲವನು ಅವಳನ್ನು ಬರಿಗೈಯಲ್ಲಿ ಕಳುಹಿಸಿಯಾನು. 1938ರ ವಿಮಾ ಕಾಯಿದೆಯ 45ನೆಯ ಸೆಕ್ಷನ್ನನ್ನೂ ಓದಿದವನು ತಡೆದು ಯೋಚಿಸುತ್ತಾನೆ. ಎರಡು ವರ್ಷ ಕಳೆದ ಪಾಲಿಸಿಯನ್ನು ಕೇವಲ ತಪ್ಪು ಹೇಳಿಕೆಗಾಗಿ ತಳ್ಳಿಹಾಕುವಂತಿರಲಿಲ್ಲ. ಮರೆಮಾಚಿದ ಸಂಗತಿ ಮಹತ್ವದ್ದೆಂದೂ ಅದರಲ್ಲಿ ವಂಚನೆಯಿತ್ತೆಂದೂ ಕಂಪನಿಯೇ ತೋರಿಸಬೇಕಾಗಿತ್ತು. 2015ರ ತಿದ್ದುಪಡಿಯಂತೆ ಮೂರು ವರ್ಷ ಕಳೆದ ಪಾಲಿಸಿಯನ್ನು ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ.

ಆ ಹೆಣ್ಣುಮಗಳಿಗೆ ಈ ಸೆಕ್ಷನ್ನು ಗೊತ್ತಿರಬೇಕಾದ್ದಿಲ್ಲ. ಮೇಜಿನ ಆಚೆ ಕುಳಿತವನಿಗೆ ಗೊತ್ತಿರಬೇಕು. ದಣಿದ ಕಣ್ಣಿನಿಂದ ಪುಟ ತಿರುವುವ ಉಮೇದುವಾರನು ಓದುತ್ತಿರುವುದು ಅವಳ ಪರವಾಗಿಯೂ ಹೌದು.